ಎಂ81 ವುಡ್‌ಲ್ಯಾಂಡ್ ಬಿಡಿಯು: ಬಣ್ಣ ಮಾಸಿದ ಮೇಲೂ ಉಳಿಯುವ ಗುಣ

ಅಮೆರಿಕ ಸೇನೆ 1981ರಲ್ಲಿ ತಂದ ಈ ಕ್ಯಾಮೊಫ್ಲಾಜ್ ಯುದ್ಧ ಸಮವಸ್ತ್ರವನ್ನು (ಬ್ಯಾಟಲ್ ಡ್ರೆಸ್ ಯೂನಿಫಾರ್ಮ್, ಚಿಕ್ಕದಾಗಿ ಬಿಡಿಯು) ಹೊಸದರಲ್ಲಿ ನೋಡಿ ಅಳೆಯಬಾರದು. ಹತ್ತಾರು ಸಲ ಒಗೆದ ಮೇಲೆಯೇ ಇದರ ಗುಣ, ದೋಷ ಎರಡೂ ಹೊರಬೀಳುತ್ತವೆ.

ಮರಳು, ಕಂದು, ಹಸಿರು, ಕಪ್ಪು ಎಂದು ನಾಲ್ಕೇ ಬಣ್ಣ. ಅಮೆರಿಕ ಸೇನೆಯ ಪ್ರಯೋಗಾಲಯ 1948ರಲ್ಲಿ ರೂಪಿಸಿದ ಇಆರ್‌ಡಿಎಲ್ ವಿನ್ಯಾಸವನ್ನು ಸುಮಾರು ಶೇ. 60ರಷ್ಟು ಹಿಗ್ಗಿಸಿ ಮಾಡಿದ್ದು. ದಟ್ಟ ಕಾಡಿನಲ್ಲಿ ಹತ್ತಿರದಿಂದ ನೋಡುವಾಗ ಸಣ್ಣ ಮಚ್ಚೆ ಸಾಕು; ದೂರ ಹೋದಂತೆ ಮಚ್ಚೆಗಳು ಒಂದರೊಳಗೊಂದು ಕಲಸಿಹೋಗಿ ಮನುಷ್ಯನ ಆಕಾರ ಎದ್ದು ಕಾಣುತ್ತದೆ. ಮಚ್ಚೆ ದೊಡ್ಡದಾದರೆ ಭುಜ, ತೋಳುಗಳ ಗೆರೆ ದೂರಕ್ಕೂ ಮುರಿದೇ ಇರುತ್ತದೆ. ಈ ಕೆಲಸದಲ್ಲಿ ದೊಡ್ಡ ಪಾಲು ಕಪ್ಪಿನದು. ಕಪ್ಪನ್ನೇ ಕೈಬಿಟ್ಟು ಮೂರು ತೆಳು ಬಣ್ಣಗಳನ್ನು ನೆಚ್ಚಿಕೊಂಡ 2004ರ ಯುಸಿಪಿ (ಅಮೆರಿಕ ಸೇನೆಯದೇ ಆಮೇಲಿನ ವಿನ್ಯಾಸ) ದೂರದಿಂದ ಬೂದು ಮುದ್ದೆಯಂತೆ ಕಾಣುತ್ತಿತ್ತು. ವುಡ್‌ಲ್ಯಾಂಡ್ ಮಾಸಿದರೂ ಕಡು-ತಿಳಿಯ ಅಂತರ ಬಹುಮಟ್ಟಿಗೆ ಉಳಿಯುತ್ತದೆ. ಅದಕ್ಕೇ ಹಳೆಯ ಜೊತೆಯನ್ನು ಮೂಲೆಗೆ ಎಸೆಯುವ ಮುಂಚೆ ಒಮ್ಮೆ ಹಸಿರಿನ ನಡುವೆ ನಿಲ್ಲಿಸಿ ನೋಡಿ.

ಮೊದಲ ಬಟ್ಟೆ ಅರ್ಧ ನೈಲಾನ್, ಅರ್ಧ ಹತ್ತಿಯ ಟ್ವಿಲ್, ಅಂದರೆ ಓರೆ ಗೆರೆ ಮೂಡುವ ನೇಯ್ಗೆ. ಗಟ್ಟಿ, ಆದರೆ ಗಾಳಿಯಾಡದು, ಬಿಸಿಲಿಗೆ ಹಿಂಸೆ. ಕೆರಿಬಿಯನ್ ದ್ವೀಪ ಗ್ರೆನಡಾದಲ್ಲಿ ಅಮೆರಿಕ 1983ರಲ್ಲಿ ನಡೆಸಿದ ಕಾರ್ಯಾಚರಣೆಯಲ್ಲಿ ಇದೇ ದೂರು ಬಂತು. ಆಮೇಲೆ ಬಂದ ಅಪ್ಪಟ ಹತ್ತಿಯ ರಿಪ್‌ಸ್ಟಾಪ್ (ಹರಿತ ಹರಡದಂತೆ ನಡುನಡುವೆ ದಪ್ಪ ನೂಲು ಸೇರಿಸಿ ನೇಯ್ದದ್ದು) ತಂಪು. ಆದರೆ ಬೇಗ ಮಾಸುತ್ತದೆ, ಬೇಗ ಸವೆಯುತ್ತದೆ. ನೈಲಾನ್-ಹತ್ತಿ ಬೆರೆತ ತೆಳು ರಿಪ್‌ಸ್ಟಾಪ್ ಎರಡರ ನಡುವಿನದು, ಸೆಕೆಯ ಜಾಗಕ್ಕೆ ಅದೇ ಲೇಸು. ಒಂದು ಎಚ್ಚರಿಕೆ: ನೈಲಾನ್ ಬೆರೆತದ್ದು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಹತ್ತಿರ ಬೇಡವೇ ಬೇಡ.

ಸವೆತ ಶುರುವಾಗುವುದು ಕಾಲರ್‌ನ ಮಡಿಕೆ, ತೋಳಿನ ತುದಿ, ಜೇಬಿನ ಮುಚ್ಚಳದ ಅಂಚುಗಳಲ್ಲಿ. ಅಲ್ಲಿ ಕಪ್ಪು ಮೊದಲು ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ನೂಲು ಎದ್ದು ಬರುತ್ತದೆ. ಮೊಣಕೈ, ಮಂಡಿ, ಕೂರುವ ಭಾಗದಲ್ಲಿ ಎರಡು ಪದರ ಇರುವುದರಿಂದ ಅವು ಬಾಳುತ್ತವೆ. ಎರಡು ಕಾಲು ಕೂಡುವ ಹೊಲಿಗೆ ಮಾತ್ರ ಕುಕ್ಕರಗಾಲಲ್ಲಿ ಕೂತಾಗ ಬಿಡುತ್ತದೆ. ಮೊದಲೇ ಇನ್ನೊಂದು ಸಾಲು ಹೊಲಿಗೆ ಹಾಕಿಸಿಬಿಡಿ.

ಹೆಚ್ಚಿನವರು ಎಡವುವುದು ಒಗೆಯುವುದರಲ್ಲಿ. ಹೊಳಪು ಕೊಡುವ ಡಿಟರ್ಜೆಂಟಿನ ಅಂಶ ನೂಲಿನಲ್ಲಿ ಕೂತು, ನೇರಳಾತೀತ ಬೆಳಕಿನಲ್ಲಿ ಬಟ್ಟೆ ಬೆಳ್ಳಗೆ ಮಿನುಗುತ್ತದೆ. ಹಸಿರೆಲೆ ಇನ್‌ಫ್ರಾರೆಡ್ ಕಿರಣವನ್ನು ಚೆನ್ನಾಗಿ ಪ್ರತಿಫಲಿಸುತ್ತದೆ; ರಾತ್ರಿ ಕಾಣುವ ಸಾಧನಕ್ಕೆ ಮೋಸವಾಗಲೆಂದು ಸಮವಸ್ತ್ರದ ಬಣ್ಣಗಳನ್ನು ಎಲೆಯ ಆ ಪ್ರತಿಫಲನಕ್ಕೆ ಹೊಂದಿಸಿರುತ್ತಾರೆ. ಗಂಜಿ ಹಾಕಿ ಗರಿಗರಿ ಇಸ್ತ್ರಿ ಮಾಡಿದರೆ ಆ ಗುಣವೇ ಕೆಡುತ್ತದೆ. ಹೊಳಪಿನ ಅಂಶವಿಲ್ಲದ ಪುಡಿ, ತಣ್ಣೀರು ಸಾಕು. ಒಳಮೈ ಹೊರಗೆ ಮಾಡಿ ಒಗೆದು ನೆರಳಲ್ಲಿ ಹರವಿ. ಬ್ಲೀಚ್ ಹತ್ತಿರವೂ ಸುಳಿಯಬಾರದು.

ಸೇನೆ ಇದರ ಬಳಕೆಯನ್ನು 2008ರಲ್ಲಿ ನಿಲ್ಲಿಸಿತು. ಈಗ ಸಿಗುವುದರಲ್ಲಿ ನಕಲು ಬಹಳ. ಒಳಗಿನ ಚೀಟಿಯಲ್ಲಿ ನೂಲಿನ ಪ್ರಮಾಣದ ಜೊತೆ ಸೇನೆಗೆ ಪೂರೈಸಿದ ಗುತ್ತಿಗೆಯ ಸಂಖ್ಯೆಯೂ ಇದೆಯೇ ನೋಡಿ. ಪಾಲಿಯೆಸ್ಟರ್ ಎಂದಿದ್ದರೆ ಅದು ಸೇನೆಯ ಬಟ್ಟೆಯಲ್ಲ. ಹಳೆಯದನ್ನು ಕೊಳ್ಳುವಾಗ ಜೇಬಿನ ಮುಚ್ಚಳ ಎತ್ತಿ, ಅದರಡಿಯ ಬಣ್ಣವನ್ನು ಭುಜದ ಬಣ್ಣದ ಜೊತೆ ಹೋಲಿಸಿ. ಎಷ್ಟು ಬಿಸಿಲು ಕಂಡಿದೆ ಎಂಬುದು ಅಲ್ಲೇ ತಿಳಿಯುತ್ತದೆ.