ಅಮ್ಮನ ಬೆನ್ನಿಗೆ ಟೇಲರ್ ಬ್ರೇಸ್
ನೀರಿನ ಬಿಂದಿಗೆ ಎತ್ತುವಾಗ 76 ವರ್ಷದ ನಮ್ಮ ತಾಯಿಯವರ ಬೆನ್ನುಮೂಳೆಯ ಒಂದು ಕಶೇರುಕ (ಬೆನ್ನುಮೂಳೆಯ ಸಾಲಿನ ಒಂದು ಬಿಡಿ ಮೂಳೆ) ಕುಸಿದಿದ್ದರಿಂದ, ವೈದ್ಯರ ಸಲಹೆಯಂತೆ ಬೆನ್ನಿಗೆ ಆಸರೆಯಾಗಿ ಕಟ್ಟುವ ಟೇಲರ್ ಬ್ರೇಸ್ ಕೊಂಡೆವು. ಬೆನ್ನಿನುದ್ದಕ್ಕೂ ಇರುವ ಎರಡು ಲೋಹದ ಪಟ್ಟಿಗಳೂ ಹೆಗಲಿನ ಪಟ್ಟಿಗಳೂ ಮುಂದಕ್ಕೆ ಬಾಗುವುದನ್ನು ತಡೆಯುವುದರಿಂದ, ಮುಂಭಾಗ ಜಜ್ಜಿ ಬೆಣೆಯಾಕಾರಕ್ಕೆ ತಿರುಗಿದ ಕಶೇರುಕದ ಮೇಲಿನ ಭಾರ ತಗ್ಗಿ, ಅವರು ಎದ್ದು ನಡೆಯುವಂತಾಯಿತು. ಆದರೆ ಕಂಕುಳಲ್ಲಿ ಪಟ್ಟಿ ಉಜ್ಜಿ ಚರ್ಮ ಕೆಂಪಾಗುತ್ತದೆ; ಒಳಗೆ ಹತ್ತಿಯ ಬನಿಯನ್ ಇರಲೇಬೇಕು. ಅಂಗಡಿಯವರು ಅಳತೆ ತೆಗೆಯದೆ ಕೊಟ್ಟ ಮೊದಲನೆಯದು ಸಡಿಲವಾಗಿ ಜಾರುತ್ತಿತ್ತು, ಆ ನಿರ್ಲಕ್ಷ್ಯಕ್ಕೆ ನೋವುಂಡವರು ಅಮ್ಮ. ಈ ಬ್ರೇಸ್ ಮೂಳೆಯನ್ನು ಗಟ್ಟಿಮಾಡುವುದಿಲ್ಲ: ಒಮ್ಮೆ ಕಶೇರುಕ ಮುರಿದವರಿಗೆ ಇನ್ನೊಂದು ಕುಸಿದು ಗೂನು ಬೆಳೆಯುವ ಅಪಾಯ ಹೆಚ್ಚು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) -2.5ಕ್ಕಿಂತ ಕೆಳಗೆ ಬಂದಿದ್ದರಿಂದ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಚಿಕಿತ್ಸೆಯನ್ನೂ ಜೊತೆಯಲ್ಲೇ ಆರಂಭಿಸಿದ್ದೇವೆ.