ಲೆಬ್ರಾನ್ ಜೇಮ್ಸ್‌ನ ಸಂಬಳದ ಲೆಕ್ಕ ಓದಲು ಸ್ಪೊಟ್ರ್ಯಾಕ್ ಸಾಕೇ?

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಪ್ರಿಯರಿಗೆ ಅಲ್ಲಿನ ರಾತ್ರಿ ಪಂದ್ಯದ ಸ್ಕೋರು ಬೆಳಿಗ್ಗೆಯೇ ಮೊಬೈಲಿನಲ್ಲಿ ಸಿಗುತ್ತದೆ. ದುಡ್ಡಿನ ಲೆಕ್ಕ ಅಷ್ಟು ಸುಲಭದಲ್ಲಿ ಸಿಗುವುದಿಲ್ಲ. ಸುದ್ದಿಯಲ್ಲಿ ಹೆಚ್ಚಾಗಿ ಬರುವುದು ಒಪ್ಪಂದದ ಒಟ್ಟು ಮೊತ್ತ ಮಾತ್ರ. ಬಿಟ್ಟುಹೋಗುವ ಹಕ್ಕು ಯಾರ ಕೈಯಲ್ಲಿ ಉಂಟು, ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯಲ್ಲಿ ಎಷ್ಟು ಹಿಡಿಯುತ್ತದೆ ಎಂದು ತಿಳಿಯಬೇಕಾದರೆ, ಆಟಗಾರರ ಒಪ್ಪಂದ-ಸಂಬಳದ ವಿವರ ಕೊಡುವ ಸ್ಪೊಟ್ರ್ಯಾಕ್ ಜಾಲತಾಣ ನೋಡಬೇಕು. ಚಂದಾ ಕಟ್ಟದೆಯೂ ಸಿಗುವ ಪುಟಗಳು ಸಾಮಾನ್ಯ ಓದುಗನಿಗೆ ಧಾರಾಳ ಸಾಕು.

ಆಟಗಾರನ ಪುಟದ ಮೇಲ್ಗಡೆ ಕಾಣುವ ದೊಡ್ಡ ಸಂಖ್ಯೆಯಲ್ಲೇ ನಿಂತುಬಿಡಬೇಡಿ. ಲೇಕರ್ಸ್ ತಂಡದ ಜೊತೆ ಲೆಬ್ರಾನ್‌ನ 2024ರ ಒಪ್ಪಂದ ಎರಡು ವರ್ಷಕ್ಕೆ ಸುಮಾರು 10.1 ಕೋಟಿ ಡಾಲರ್. ಇದನ್ನು ವರ್ಷವಾರು ಬಿಡಿಸಿದರೆ ಮೊದಲ ವರ್ಷಕ್ಕೆ 4.87 ಕೋಟಿ, ಎರಡನೆಯದಕ್ಕೆ 5.26 ಕೋಟಿ. ಎರಡನೆಯ ವರ್ಷ ‘ಪ್ಲೇಯರ್ ಆಪ್ಷನ್’. ತೋಟ ಗೇಣಿಗೆ ಪಡೆದವನೇ ಮುಂದಿನ ವರ್ಷ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸಿದ ಹಾಗೆ. ಕೊಟ್ಟವನಿಗೆ ಅಲ್ಲಿ ಮಾತಿಲ್ಲ. 2025ರ ಜೂನ್‌ನಲ್ಲಿ ಲೆಬ್ರಾನ್ ಆ ಹಕ್ಕು ಬಳಸಿ ಉಳಿದುಕೊಂಡ. ಡಾಲರಿಗೆ 85 ರೂಪಾಯಿ ಹಿಡಿದರೆ ಆ ಒಂದು ವರ್ಷದ್ದೇ ಸುಮಾರು 447 ಕೋಟಿ ರೂಪಾಯಿ.

ಅದಕ್ಕಿಂತ ಸ್ವಾರಸ್ಯ ಹಿಂದಿನ ವರ್ಷದ್ದು. 2024ರಲ್ಲಿ ಕೈಯಲ್ಲಿದ್ದ 5.14 ಕೋಟಿ ಡಾಲರಿನ ಆಪ್ಷನ್ ಬಿಟ್ಟು, ಮೊದಲ ವರ್ಷಕ್ಕೆ ಅದಕ್ಕಿಂತ ಕಡಿಮೆಗೆ ಆತ ಸಹಿ ಹಾಕಿದ. ನಷ್ಟ ಎಂದು ತೋರಬಹುದು, ನಷ್ಟವಲ್ಲ. ಹೊಸ ಒಪ್ಪಂದದಲ್ಲಿ ಇನ್ನೊಂದು ವರ್ಷ ಸಿಕ್ಕಿತು, ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಸಾಗಹಾಕಬಾರದೆಂಬ ಷರತ್ತೂ ಸಿಕ್ಕಿತು. ಎಂಟು ವರ್ಷ ಲೀಗಿನಲ್ಲಿ, ಅದರಲ್ಲಿ ನಾಲ್ಕು ವರ್ಷ ಅದೇ ತಂಡದಲ್ಲಿ ಆಡಿದವರಿಗೆ ಮಾತ್ರ ಈ ಷರತ್ತು ಕೇಳಲು ಅವಕಾಶ. ಲೇಕರ್ಸ್ ತಂಡವೂ ‘ಸೆಕೆಂಡ್ ಏಪ್ರನ್’ ಎಂಬ ಕಠಿಣ ವೆಚ್ಚಮಿತಿಯ ಸ್ವಲ್ಪ ಕೆಳಗೆ ಉಳಿಯಿತು. ಇಂಥ ಷರತ್ತು ಕೋಷ್ಟಕದ ಅಂಕಿಯಲ್ಲಿ ಕಾಣುವುದಿಲ್ಲ, ಪಕ್ಕದ ಟಿಪ್ಪಣಿ ಓದಬೇಕು.

ಈಗ ಮಗ ಬ್ರಾನಿಯ ಪುಟ ತೆರೆಯಿರಿ. 2024ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಎರಡನೆಯ ಸುತ್ತಿನ 55ನೆಯ ಆಯ್ಕೆ, ನಾಲ್ಕು ವರ್ಷಕ್ಕೆ ಸುಮಾರು 79 ಲಕ್ಷ ಡಾಲರ್. ಇಲ್ಲಿ ಕೊನೆಯ ವರ್ಷದ ಹಕ್ಕು ತಂಡದ್ದು. 2024ರ ಅಕ್ಟೋಬರ್ 22ರಂದು ಮಿನೆಸೋಟ ವಿರುದ್ಧ ಅಪ್ಪ-ಮಗ ಒಟ್ಟಿಗೆ ಅಂಗಳಕ್ಕಿಳಿದರು, ಎನ್‌ಬಿಎಯಲ್ಲಿ ಇದೇ ಮೊದಲು. ಆದರೆ ಎರಡು ಪುಟ ಎದುರುಬದುರು ಇಟ್ಟು ನೋಡಿದರೆ, ಅಪ್ಪನಿಗಿರುವ ಹಿಡಿತ ಮಗನಿಗೆ ಇಲ್ಲ ಎಂಬುದು ಸ್ಪಷ್ಟ. ರಕ್ತಸಂಬಂಧ ತಂಡದೊಳಗೆ ಸೇರಿಸಬಹುದು. ಎರಡನೆಯ ಸುತ್ತಿನ ಆಟಗಾರನ ಸಂಬಳವನ್ನು ಏರಿಸಲಾರದು.

ಅಣ್ಣತಮ್ಮಂದಿರ ಲೆಕ್ಕ ನೋಡುವವರು ಮಿಲ್ವಾಕಿ ಬಕ್ಸ್ ತಂಡದ ಹಳೆಯ ಕೋಷ್ಟಕಗಳನ್ನು ತೆಗೆಯಬೇಕು. ತಮ್ಮ ಯಾನಿಸ್ ಆಂಟೆಟೊಕುಂಪೊ 2020ರ ಡಿಸೆಂಬರಿನಲ್ಲಿ ಐದು ವರ್ಷಕ್ಕೆ 22.8 ಕೋಟಿ ಡಾಲರಿಗೆ ಸಹಿ ಹಾಕಿದ. 2019ರಲ್ಲಿ ಬಂದ ಅಣ್ಣ ಥನಾಸಿಸ್‌ನದು ಕನಿಷ್ಠ ಸಂಬಳದ ಮಟ್ಟ.

ಹೆಚ್ಚಿನವರು ಗೊಂದಲಕ್ಕೆ ಬೀಳುವ ಜಾಗ ಇದೇ. ಅನುಭವಿ ಆಟಗಾರನ ಒಂದು ವರ್ಷದ ಕನಿಷ್ಠ ಒಪ್ಪಂದದಲ್ಲಿ ಕೈಗೆ ಬರುವ ಸಂಬಳ ಒಂದು, ತಂಡದ ಮಿತಿಗೆ ಹಿಡಿಯುವ ಅಂಕಿ ಇನ್ನೊಂದು. ಎರಡು ವರ್ಷ ಅನುಭವದವನ ಕನಿಷ್ಠಕ್ಕಿಂತ ಮೇಲಿನ ಭಾಗವನ್ನು ಲೀಗ್ ತುಂಬಿಕೊಡುವುದೇ ಇದಕ್ಕೆ ಕಾರಣ. ಮಿತಿಗೆ ಹಿಡಿಯುವ ಅಂಕಿ ತೋರಿಸುವ ‘ಕ್ಯಾಪ್ ಹಿಟ್’ ಕಾಲಮನ್ನೇ ಸಂಬಳ ಎಂದು ಓದಿದರೆ ತಪ್ಪಾಗುತ್ತದೆ.

ಈ ತಾಣದ ಕೊರತೆ ಎಂದರೆ ಅಗಲವಾದ ಕೋಷ್ಟಕಗಳು. ಮೊಬೈಲನ್ನು ಅಡ್ಡ ಹಿಡಿಯದಿದ್ದರೆ ಮುಂದಿನ ವರ್ಷಗಳು ಕಣ್ಣಿಗೆ ಬೀಳುವುದಿಲ್ಲ. ಇಡೀ ತಂಡದ ಸಂಬಳ ಒಂದೇ ನೋಟಕ್ಕೆ ಬೇಕಾದವರು ಬಾಸ್ಕೆಟ್‌ಬಾಲ್ ರೆಫರೆನ್ಸ್ ತಾಣದ ಒಪ್ಪಂದಗಳ ಪುಟಕ್ಕೆ ಹೋಗಲಿ. ಅಲ್ಲಿ ಆಟಗಾರನ ಆಪ್ಷನ್‌ಗೂ ತಂಡದ ಆಪ್ಷನ್‌ಗೂ ಬೇರೆ ಬೇರೆ ಬಣ್ಣ ಉಂಟು. ತಾರೀಕಿನಲ್ಲೂ ಜಾಗ್ರತೆ ಬೇಕು: ಅಮೆರಿಕದ ಪೂರ್ವ ಭಾಗದ ಸಮಯದಂತೆ ಜೂನ್ 29ರ ಸಂಜೆ 5ಕ್ಕೆ ಮುಗಿಯುವ ಆಪ್ಷನ್ ಗಡುವು ನಮಗೆ 30ರ ನಸುಕಿನ 2.30. ಅದಕ್ಕಿಂತ ಮುಂಚೆ ಪುಟ ತೆರೆದರೆ ಹಳೆಯ ಸ್ಥಿತಿಯೇ ಕಾಣಬಹುದು.