ಉಣಕಲ್ ನಾಲಾ ಪಕ್ಕದ ಹೊಸ ಹಾದಿ: ದಂಡೆಗೆ ನಾಲ್ಕು ಸ್ಟಾರ್, ನೀರಿಗೆ ಒಂದೂ ಇಲ್ಲ

ಹುಬ್ಬಳ್ಳಿಯ ಗ್ರೀನ್ ಮೊಬಿಲಿಟಿ ಕಾರಿಡಾರ್‌ಗೆ, ಅಂದರೆ ಉಣಕಲ್ ನಾಲಾ ದಂಡೆಯ ನಡಿಗೆ-ಸೈಕಲ್ ಹಾದಿಗೆ, ಹೋಗಬಹುದಾ ಅಂತ ಕೇಳುವವರಿಗೆ: ಹೋಗಬಹುದು. ಬೆಳಗ್ಗೆ ಬೇಗ ಹೋಗಿ. ಬಿಸಿಲೇರಿದ ಮೇಲೆ ಯಾಕೆ ಬೇಡ ಅನ್ನುವುದನ್ನು ನಿಮ್ಮ ಮೂಗೇ ಹೇಳುತ್ತದೆ.

ಹಾದಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮೂರಲ್ಲಿ ಫುಟ್‌ಪಾತ್ ಅಂದರೆ ಬೈಕ್ ನಿಲ್ಲಿಸುವ ಜಾಗ, ಅಲ್ವಾ? ಇಲ್ಲಿ ವಯಸ್ಸಾದವರು ಆಟೊ, ಟೆಂಪೊಗಳ ಭಯವಿಲ್ಲದೆ ನಡೆಯಬಹುದು, ಮಕ್ಕಳು ಸೈಕಲ್ ಹೊಡೆಯಬಹುದು. 2018ರಲ್ಲಿ ಶುರುವಾದ ಕೇಂದ್ರದ ಸಿಟೀಸ್ (CITIIS) ಎಂಬ ನಗರಾಭಿವೃದ್ಧಿ ಕಾರ್ಯಕ್ರಮದಲ್ಲಿ ದೇಶದ 12 ಊರುಗಳು ಆಯ್ಕೆಯಾದವು. ಅದರಲ್ಲಿ ನಮ್ಮದೂ ಒಂದು. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ ಮತ್ತು ಐರೋಪ್ಯ ಒಕ್ಕೂಟದ ದುಡ್ಡೂ ಅದರಲ್ಲಿದೆ. ಕಸ ಎಸೆಯುವ ಜಾಗವಾಗಿದ್ದ ನಾಲಾ ದಂಡೆಯಲ್ಲಿ ಜನ ಓಡಾಡುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ.

ಈಗ ತಡೆಗೋಡೆಗೆ ಒರಗಿ ಕೆಳಗೆ ನೋಡಿ. ಗೋಡೆಯಿಂದ ನಾಲ್ಕಿಂಚಿನ ಪಿವಿಸಿ ಪೈಪ್ ಮೂತಿ ಹೊರಹಾಕಿರುತ್ತದೆ. ಅದರಿಂದ ಯಾರದೋ ಮನೆಯ ಬಚ್ಚಲ ನೀರು ಬುಳುಬುಳು ಅಂತ ಬೀಳುತ್ತದೆ, ಸೋಪಿನ ನೊರೆ ಸಮೇತ. ಕೆಳಗೆ ಕಪ್ಪು ನೀರು, ಹಾಲಿನ ಪಾಕೀಟು, ಗುಟ್ಕಾ ಚೀಟಿ. ನಡುನಡುವೆ ತಳದಿಂದ ಗುಳ್ಳೆ ಏಳುತ್ತವೆ. ಮೀನು ಅಂದುಕೊಳ್ಳಬೇಡಿ, ಆಮ್ಲಜನಕ ಮುಗಿದ ಕೆಸರಿನಲ್ಲಿ ಹುಟ್ಟುವ ಗ್ಯಾಸ್ ಅದು. ಕೊಳೆತ ಮೊಟ್ಟೆಯ ವಾಸನೆ ಬರುವುದೂ ಅಲ್ಲಿಂದಲೇ. ಮುಖ ತೊಳೆಯದೆ ಪೌಡರ್ ಹಚ್ಚಿದ ಹಾಗಾಗಿದೆ ಕಥೆ.

ಈ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ನೋಡಿದರೆ ಇನ್ನೂ ಮಜಾ ಇದೆ. ನಮ್ಮ ನಳಕ್ಕೆ ಬರುವುದು ಸವದತ್ತಿ ಹತ್ತಿರದ ರೇಣುಕಾಸಾಗರದ ಮಲಪ್ರಭಾ ನೀರು. ಸುಮ್ನೆ ಬಿಟ್ಟಿದ್ದರೆ ಅದು ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಿತ್ತು. ನಾವು ಅದನ್ನು ಪಂಪ್ ಮಾಡಿ ತಂದು, ಸ್ನಾನ ಮಾಡಿ, ಪಾತ್ರೆ ತೊಳೆದು, ಸಂಡಾಸಿಗೆ ಸುರಿದು, ಗಟಾರದ ದಾರಿಯಲ್ಲಿ ಬೇಡ್ತಿ ನದಿಗೆ ಕಳಿಸುತ್ತೇವೆ. ಬೇಡ್ತಿ ಕಲಘಟಗಿ ಕಡೆ ಧಾರವಾಡದ ಶಾಲ್ಮಲೆಯನ್ನು ಸೇರಿಸಿಕೊಂಡು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಹೋಗಬೇಕಾದ ನೀರು ನಮ್ಮ ಬಚ್ಚಲು ಹಾದು ಪಶ್ಚಿಮಕ್ಕೆ! ಇದೇ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸಿ ಹಾವೇರಿ ಕಡೆಗೆ ಒಯ್ಯುವ ಯೋಜನೆಯ ಮಾತೂ ಇದೆ. ಅದು ಬೇಕೋ ಬೇಡವೋ ಅನ್ನುವ ಜಗಳ ಬೇರೆ, ಇಲ್ಲಿ ಬೇಡ.

ನದಿಗಿಂತ ಮುಂಚೆ ಹೊಲ ಬರುತ್ತದೆ. ಗಬ್ಬೂರು, ಬುಡರಸಿಂಗಿ ಕಡೆ ರೈತರು ಕೊಳಚೆ ನೀರಿಗೇ ಪಂಪ್ ಹಚ್ಚಿ ಬೆಳೆ ತೆಗೆಯುವ ವಿಷಯವನ್ನು ಸಂಶೋಧಕರು 2003ರಲ್ಲೇ ಬರೆದಿದ್ದರು. ರೈತರನ್ನು ಬೈದು ಏನು ಉಪಯೋಗ? ಬೇಸಿಗೆಯಲ್ಲೂ ಬತ್ತದ ನೀರು, ಜೊತೆಗೆ ಪುಕ್ಕಟೆ ಗೊಬ್ಬರ, ಯಾರು ಬಿಡುತ್ತಾರೆ? ಆದರೆ ಬರಿಗಾಲಲ್ಲಿ ಆ ಕೆಸರಿಗೆ ಇಳಿಯುವವರಿಗೆ ಕೊಕ್ಕೆಹುಳದ ಕಾಟ, ಹಸಿ ಸೊಪ್ಪು ತಿನ್ನುವವರಿಗೆ ಹೊಟ್ಟೆ ಕೆಡುವ ಭಯ ಇದ್ದೇ ಇದೆ. ನೀರನ್ನು ಶುದ್ಧ ಮಾಡಿ ಅವರಿಗೇ ಕೊಟ್ಟರೆ ಇಬ್ಬರಿಗೂ ಒಳ್ಳೆಯದು.

ನನ್ನ ತಕರಾರು ಇಷ್ಟೇ. ಕಾಂಕ್ರೀಟ್ ಗೋಡೆ ನೆರೆ ತಡೆಯಬಹುದು, ಕೊಳಚೆ ತಡೆಯುವುದಿಲ್ಲ. ಮನೆಮನೆಯ ಪೈಪ್ ಯುಜಿಡಿ (ಒಳಚರಂಡಿ) ಚೇಂಬರ್‌ಗೆ ಸೇರಬೇಕು, ಆ ಚೇಂಬರ್ ಉಕ್ಕದೆ ಶುದ್ಧೀಕರಣ ಘಟಕದವರೆಗೂ ಹೋಗಬೇಕು. ಇದು ನೆಲದೊಳಗಿನ ಕೆಲಸ. ಯಾರ ಕಣ್ಣಿಗೂ ಕಾಣುವುದಿಲ್ಲ, ರಿಬ್ಬನ್ ಕತ್ತರಿಸಲಿಕ್ಕೂ ಬರುವುದಿಲ್ಲ, ಅದಕ್ಕೇ ಹಿಂದೆ ಬೀಳುತ್ತದೆ. ನಾಲಾದ ಮೇಲ್ಭಾಗದ ಉಣಕಲ್ ಕೆರೆಯದ್ದೂ ಇದೇ ಪಾಡು. ಅಂತರಗಂಗೆ ತೆಗೆಯುತ್ತಾರೆ, ಮತ್ತೆ ಬೆಳೆಯುತ್ತದೆ. ಕೊಳಚೆಯೇ ಅದಕ್ಕೆ ಊಟ, ಊಟ ನಿಲ್ಲಿಸದೆ ಕಳೆ ಕಿತ್ತರೆ ಏನು ಬಂತು?

ಹಾದಿಯ ಪಕ್ಕ ಒಂದು ಬೋರ್ಡ್ ಹಾಕಲಿ. ಸ್ನಾನಕ್ಕೆ ಯೋಗ್ಯ ಅನ್ನಬೇಕಾದರೆ ಲೀಟರ್ ನೀರಿನಲ್ಲಿ ಬಿಒಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಕೊಳೆ ಹೆಚ್ಚಿದಷ್ಟೂ ಇದು ಹೆಚ್ಚು) 3 ಮಿಲಿಗ್ರಾಂ ದಾಟಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಂಗೆ ಕಡಿಮೆ ಇರಬಾರದು. ಇದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ. ನಾಲಾಗೆ ಅಷ್ಟು ಬೇಡ, ಈ ತಿಂಗಳು ಬಿಒಡಿ ಎಷ್ಟಿದೆ, ಹೋದ ತಿಂಗಳು ಎಷ್ಟಿತ್ತು ಅಂತ ದೊಡ್ಡ ಅಕ್ಷರದಲ್ಲಿ ಬರೆಯಲಿ ಸಾಕು. ಆ ಅಂಕಿ ಇಳಿಯತೊಡಗಿದ ತಿಂಗಳು ನೀರಿಗೂ ಮೊದಲ ಸ್ಟಾರ್ ಹಾಕುತ್ತೇನೆ.